ಬಾರಿನ ಹಿಂದಿನ ಕೋಣೆಯಲ್ಲಿ ಹುಟ್ಟಿದ ಬಿಲ್

ಕಮಲಾಪುರದಂಥ ಊರಿನಲ್ಲಿ ಒಬ್ಬರು ಕುಡಿಯುತ್ತಾರೆಂಬುದು ಯಾರಿಗೂ ಗುಟ್ಟಲ್ಲ. ಆದರೆ ಕುಡಿತ ಬಿಡಲು ನೆರವು ಕೇಳಿದರೆ ಮಾತ್ರ ಮಾನ ಹೋದೀತೆಂಬ ಅಂಜಿಕೆ. ಈ ವಿಚಿತ್ರ ನಾಚಿಕೆಯನ್ನು ಚೆನ್ನಾಗಿ ಬಲ್ಲವರೊಬ್ಬರ ಬಾಳನ್ನು ಈ ವಾರ ನಿಮ್ಮ ಮುಂದಿಡುತ್ತೇನೆ.

ಅವರು ಬಿಲ್ ವಿಲ್ಸನ್. 1895ರ ನವೆಂಬರ್ 26ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ, ಅಜ್ಜಿಯ ಹೋಟೆಲಿನ ಬಾರಿನ ಹಿಂದಿನ ಕೋಣೆಯಲ್ಲಿ ಹುಟ್ಟಿದರು. ತಂದೆ ತಾಯಿ ಬೇರೆಯಾದಾಗ ತಾಯಿಯ ತವರಿನವರು ಸಾಕಿದರು. ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿದಾಗ, ನಾಲ್ಕು ಜನರ ನಡುವೆ ಮುದುಡಿಕೊಳ್ಳುತ್ತಿದ್ದ ಈ ಯುವಕನ ಮೈಚಳಿಯನ್ನು ಮದ್ಯ ಬಿಡಿಸಿತು. 1918ರ ಜನವರಿ 24ರಂದು ಲೋಯಿಸ್ ಅವರೊಡನೆ ಮದುವೆಯಾಯಿತು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೈತುಂಬ ಹಣ ಬಂತು. 1929ರಲ್ಲಿ ಪೇಟೆ ಕುಸಿಯಿತು. ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸಿದರು. ಇನ್ನು ಕುಡಿಯುವುದಿಲ್ಲವೆಂದು ಬಿಲ್ ಮನೆಯ ಬೈಬಲಿನಲ್ಲಿಯೇ ಬರೆದುಕೊಟ್ಟರು, ಒಂದಲ್ಲ, ಹಲವು ಬಾರಿ. ಮುಂದಿನದನ್ನು ನಮ್ಮ ಎಷ್ಟೋ ತಾಯಂದಿರಿಗೆ ವಿವರಿಸಬೇಕಿಲ್ಲ.

ಆಸ್ಪತ್ರೆಯಲ್ಲಿ ಡಾ. ಸಿಲ್ಕ್‌ವರ್ತ್ ಎಂಬ ವೈದ್ಯರು, ಇದು ಕೇವಲ ಮನೋದೌರ್ಬಲ್ಯವಲ್ಲ, ದೇಹಕ್ಕೂ ಮನಸ್ಸಿಗೂ ಹತ್ತಿದ ರೋಗವೆಂದು ತಿಳಿಹೇಳಿದರು. ಸೆಮಿನರಿಯಲ್ಲಿ ನಾವು ಇಚ್ಛಾಶಕ್ತಿಯ ಬಗ್ಗೆ ಪುಟಗಟ್ಟಲೆ ಓದುತ್ತೇವೆ; ಬೆಳಗಿನ ನಡುಕಕ್ಕೆ ಮದ್ದೆಂದು ಮತ್ತೆ ಲೋಟ ಹಿಡಿಯುವವನ ಮುಂದೆ ಆ ಪುಟಗಳು ತುಸು ಬಡವಾಗುತ್ತವೆ. 1934ರ ಡಿಸೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಬಿಲ್ ದೇವರನ್ನು ಕೂಗಿ ಕರೆದರು. ಆಮೇಲೆ ಅವರು ಕುಡಿಯಲಿಲ್ಲ.

ಆದರೆ ನಿಜವಾದ ಪರೀಕ್ಷೆ ಬಂದದ್ದು ಐದು ತಿಂಗಳ ನಂತರ. 1935ರ ಮೇ ತಿಂಗಳು, ಏಕ್ರನ್ ಎಂಬ ಪರವೂರು. ಹೋದ ವ್ಯವಹಾರ ಮುರಿದಿತ್ತು, ಜೇಬು ಬರಿದಾಗಿತ್ತು. ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಬಿಲ್ ಅತ್ತಿಂದಿತ್ತ ಶತಪಥ ಹಾಕುತ್ತಿದ್ದರು. ಒಂದು ತುದಿಯಲ್ಲಿ ಬಾರು, ಅಲ್ಲಿಂದ ನಗು, ಹರಟೆ. ಇನ್ನೊಂದು ತುದಿಯಲ್ಲಿ ಊರಿನ ಚರ್ಚುಗಳ ಪಟ್ಟಿ, ಪಕ್ಕದಲ್ಲಿ ಟೆಲಿಫೋನು. ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನೊಡನೆ ಮಾತನಾಡದಿದ್ದರೆ ತಾನು ಉಳಿಯುವುದಿಲ್ಲವೆಂದು ಅವರಿಗೆ ಹೊಳೆಯಿತು. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಫೋನು ಮಾಡಿದರು. ಅವರು ಕೊಟ್ಟ ಹೆಸರುಗಳನ್ನು ಹಿಡಿದು ಒಂದಾದ ಮೇಲೊಂದು ಕರೆ ಮಾಡಿ, ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದರು. ಗಮನಿಸಿ: ಹುಡುಕುತ್ತಿದ್ದದ್ದು ಉಪದೇಶಕನನ್ನಲ್ಲ, ಜೊತೆಗಾರನನ್ನು.

ಮರುದಿನ, ತಾಯಂದಿರ ದಿನ, ಆಕೆಯ ಮನೆಗೆ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಬಂದರು. ಕಾಲು ಗಂಟೆ ಮಾತ್ರ ಎಂದು ಹೆಂಡತಿಯ ಒತ್ತಾಯಕ್ಕೆ ಬಂದವರು ರಾತ್ರಿ ಹನ್ನೊಂದರವರೆಗೆ ಕುಳಿತರು. ಬಿಲ್ ಬುದ್ಧಿ ಹೇಳಲಿಲ್ಲ, ತಮ್ಮ ಕತೆ ಹೇಳಿಕೊಂಡರು. ಜೂನ್ 10ರಂದು ಡಾ. ಬಾಬ್ ಕೊನೆಯ ಬಾರಿ ಕುಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬವೆಂದು ಎಣಿಸುವುದು ಆ ದಿನವನ್ನೇ.

ನಮ್ಮ ಸಭೆಯವರ ಪಾಲೂ ಇದರಲ್ಲಿದೆ. ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕುತ್ತಿದ್ದ 1939ರಲ್ಲಿ, ಏಕ್ರನ್ನಿನ ಸಂತ ತೋಮರ ಆಸ್ಪತ್ರೆಯ ಧರ್ಮಭಗಿನಿ ಇಗ್ನೇಷಿಯಾ ಹೊಟ್ಟೆ ಉರಿಯೂತವೆಂದು ಬರೆದುಕೊಂಡು ಡಾ. ಬಾಬ್ ಅವರ ರೋಗಿಯನ್ನು ಒಳಗೆ ಬಿಟ್ಟುಕೊಂಡರು. ಬಿಡುಗಡೆಯಾಗುವವರ ಕೈಗೆ ಆಕೆ ಯೇಸುವಿನ ಪವಿತ್ರ ಹೃದಯದ ಪದಕ ಕೊಡುತ್ತಿದ್ದರು. ಮತ್ತೆ ಕುಡಿಯುವ ಮುನ್ನ ಅದನ್ನು ತಂದು ಹಿಂತಿರುಗಿಸಬೇಕು, ಅಷ್ಟೇ ಕರಾರು. 1940ರ ಕೊನೆಯ ಒಂದು ಚಳಿರಾತ್ರಿ ಕುಂಟುತ್ತಾ ಬಂದವರು ಯೇಸುಸಭೆಯ ಫಾದರ್ ಎಡ್ವರ್ಡ್ ಡೌಲಿಂಗ್. ಬಾಗಿಲಲ್ಲಿ ಇನ್ನೊಬ್ಬ ಕುಡುಕ ನಿಂತಿದ್ದಾನೆಂದೇ ಬಿಲ್ ಭಾವಿಸಿದ್ದರು. ಹನ್ನೆರಡು ಹೆಜ್ಜೆಗಳಿಗೂ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆಯನ್ನು ಅವರು ತೋರಿಸಿದರು. ಇವರ ಸ್ನೇಹ 1960ರಲ್ಲಿ ಫಾದರ್ ತೀರಿಕೊಳ್ಳುವವರೆಗೆ ಬಾಳಿತು. ಬಿಲ್ ಕಥೋಲಿಕರಾಗಲಿಲ್ಲ.

1954ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ಅವರು ಬೇಡವೆಂದರು. ಹೆಸರಿಲ್ಲದೆ ಇರುವುದೇ ಸಂಘದ ನಿಯಮ. ಆದರೆ ಸಿಗರೇಟು ಬಿಡಲಾಗದೆ ಶ್ವಾಸಕೋಶ ಕೆಟ್ಟು, 1971ರ ಜನವರಿ 24ರಂದು, ಮದುವೆಯ ದಿನದಂದೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ವಿಸ್ಕಿ ಕೇಳಿದ್ದರು, ಯಾರೂ ಕೊಡಲಿಲ್ಲ. ಮೂವತ್ತಾರು ವರ್ಷಗಳ ನಂತರವೂ ಆ ಬಯಕೆ ಸತ್ತಿರಲಿಲ್ಲ.

ಈಗ ನಿಮ್ಮ ವಿಷಯ. ಸಭೆಗೆ ಶುಲ್ಕವಿಲ್ಲ, ಯಾವ ಧರ್ಮವೆಂದು ಕೇಳುವುದಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಮೊದಲ ದಿನ ಸುಮ್ಮನೆ ಕುಳಿತು ಬಂದರೂ ಆದೀತು. ಕಮಲಾಪುರದವರಿಗೆ ಊರಲ್ಲೇ ಮುಖ ತೋರಿಸಲು ಸಂಕೋಚವಾದರೆ ಕಲಬುರಗಿಯ ಬಸ್ಸು ಹಿಡಿಯಿರಿ. ಅಲ್ಲಿ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಸಭೆಯ ಜಾಗ, ವೇಳೆ ಬದಲಾಗುವುದುಂಟು, ಕೇಳಿಕೊಂಡೇ ಹೊರಡಿ. ಹತ್ತಿರದಲ್ಲಿ ಸಿಗದಿದ್ದರೆ ಫೋನಿನಲ್ಲೇ ಸೇರುವ ಸಭೆಗಳಿವೆ. ವ್ಯಸನಮುಕ್ತಿಗೆ 14446, ಮನಸ್ಸಿನ ನೋವಿಗೆ ಟೆಲಿ-ಮಾನಸ್ 14416, ಎರಡೂ ಉಚಿತ. ಯಜಮಾನರು ಬರಲೊಪ್ಪದಿದ್ದರೆ, ತಾಯಂದಿರೇ, ನೀವೇ ಮೊದಲು ಕರೆ ಮಾಡಬಹುದು. ಮನೆಯವರಿಗಾಗಿಯೇ 1951ರಲ್ಲಿ ಲೋಯಿಸ್ ಅಲ್-ಅನಾನ್ ಕೂಟಗಳನ್ನು ಒಗ್ಗೂಡಿಸಿದರು. ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿರಿ, ಸಂಜೆ ಸಭೆಗೆ ಹೋಗಿರಿ.