ಹಳೆಯ ಬಸದಿಗಳನ್ನು ಎತ್ತಿ ನಿಲ್ಲಿಸಿದ ದಂಡನಾಯಕ ಗಂಗರಾಜ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಭಗವಾನ್ ಬಾಹುಬಲಿಯ ಪಾದಗಳ ಇಕ್ಕೆಲಗಳಲ್ಲಿರುವ ಕಿರು ಶಾಸನಗಳಲ್ಲಿ ಇಬ್ಬರ ಹೆಸರುಗಳಿವೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ ಎಂಬುದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಇನ್ನೊಂದು ಹೆಸರು ಮೂರ್ತಿಯ ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನದು. ಹೊಯ್ಸಳ ವಿಷ್ಣುವರ್ಧನನ ಈ ಮಹಾಪ್ರಧಾನ, ದಂಡನಾಯಕನ ಬದುಕಿನಲ್ಲಿ ಇಂದಿನ ಶ್ರಾವಕರು ಕಲಿಯಬೇಕಾದದ್ದು ಬಹಳಷ್ಟಿದೆ.

ಗಂಗವಾಡಿಯ ಸ್ಥಿತಿ

ಇಂದು ಬೆಂಗಳೂರಿನ ಭಾಗಗಳಾಗಿರುವ ಜಾಲಹಳ್ಳಿ, ಹೆಬ್ಬಾಳ, ಯಲಹಂಕದ ಸೀಮೆ ಒಂದು ಕಾಲಕ್ಕೆ ಗಂಗರ ಆಳ್ವಿಕೆಯಲ್ಲಿತ್ತು. ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಗಂಗ ಅರಸ ಶ್ರೀಪುರುಷನ ಕಾಲದ್ದು. ಜಿನಧರ್ಮಕ್ಕೆ ಆಶ್ರಯವಾಗಿದ್ದ ಗಂಗರ ರಾಜ್ಯ 1004ರ ಸುಮಾರಿಗೆ ಚೋಳರ ವಶವಾಯಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಗಂಗವಾಡಿಯ ಬಸದಿಗಳು ರಾಜಾಶ್ರಯವಿಲ್ಲದೆ ಶಿಥಿಲವಾದವು. ಗಂಗರಾಜ ಹುಟ್ಟಿ ಬೆಳೆದದ್ದು ಇಂಥ ಕಾಲದಲ್ಲಿ.

ಅವನ ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಪತ್ನಿ ಲಕ್ಷ್ಮಿ. ಮನೆಯವರೆಲ್ಲರೂ ಧರ್ಮನಿಷ್ಠರು. ಶುಭಚಂದ್ರ ಸಿದ್ಧಾಂತದೇವರು ಅವನ ಗುರುಗಳು.

ಗೆದ್ದ ಮೇಲೆ ಬೇಡಿದ್ದೇನು?

1116ರ ಸುಮಾರಿಗೆ ತಲಕಾಡಿನಲ್ಲಿ ಚೋಳರ ಸಾಮಂತ ಅದಿಯಮನು ನಾಡನ್ನು ಬಿಟ್ಟುಕೊಡಲು ಒಪ್ಪದೆ ಯುದ್ಧಕ್ಕೆ ನಿಂತ. ಗಂಗರಾಜ ಅವನನ್ನು ಸೋಲಿಸಿ ಗಂಗವಾಡಿಯನ್ನು ತನ್ನ ಒಡೆಯನಿಗೆ ಗೆದ್ದುಕೊಟ್ಟ. ಆಮೇಲೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯದ ಮೇಲೆ ರಾತ್ರಿಯಲ್ಲಿ ಎರಗಿ ಹನ್ನೆರಡು ಸಾಮಂತರನ್ನು ಚದುರಿಸಿದ. ಅಲ್ಲಿ ವಶವಾದ ವಸ್ತು ವಾಹನಗಳನ್ನೆಲ್ಲ ತಂದು ಅರಸನಿಗೆ ಒಪ್ಪಿಸಿದ.

ಸಂತೋಷಗೊಂಡ ವಿಷ್ಣುವರ್ಧನ ಬೇಕಾದ್ದನ್ನು ಬೇಡಿಕೋ ಎಂದ. ಆ ಗಳಿಗೆಯಲ್ಲಿ ಗಂಗರಾಜ ನಾಡನ್ನೋ ಭಂಡಾರವನ್ನೋ ಕೇಳಬಹುದಿತ್ತು. ಅವನು ಕೇಳಿದ್ದು ಪರಮ ಎಂಬ ಒಂದೇ ಗ್ರಾಮವನ್ನು. ಅದನ್ನೂ ತನಗೆ ಇಟ್ಟುಕೊಳ್ಳದೆ, ತಾಯಿ ಮತ್ತು ಪತ್ನಿ ಕಟ್ಟಿಸಿದ್ದ ಜಿನಾಲಯಗಳಿಗೆ ದಾನ ಮಾಡಿದ. 1118ರ ಈ ದಾನವನ್ನು ದಾಖಲಿಸುವ ಶಾಸನ ಚಂದ್ರಗಿರಿಯಲ್ಲಿ ಅವನೇ ಕಟ್ಟಿಸಿದ ಬಸದಿಯಲ್ಲಿದೆ. ಅದರಿಂದಲೇ ಆ ಬಸದಿಗೆ ಶಾಸನ ಬಸದಿ ಎಂಬ ಹೆಸರು ಬಂತು.

ಗಂಗವಾಡಿಯ ಹಳೆಯ ಬಸದಿಗಳನ್ನೆಲ್ಲ ಅವನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ಕೊಂಡಾಡುತ್ತವೆ. ಆ ಬಸದಿಗಳನ್ನು ಕಟ್ಟಿಸಿದವರು ಬೇರೆಯವರು, ಅಳಿದುಹೋದ ರಾಜವಂಶದವರು. ಅವುಗಳಿಗೆ ತನ್ನ ಹೆಸರು ಬರುವುದಿಲ್ಲವೆಂದು ಅವನು ಹಿಂಜರಿಯಲಿಲ್ಲ. ವಿಂಧ್ಯಗಿರಿಯ ಸುತ್ತಾಲಯವೂ ಅಂಥದೇ ಕೆಲಸ. ಮೂರ್ತಿಯ ಕೀರ್ತಿ ಚಾವುಂಡರಾಯನಿಗೇ ಉಳಿಯಿತು. ಅದರ ರಕ್ಷಣೆಯ ಹೊಣೆಯನ್ನು ಸುಮಾರು 135 ವರ್ಷಗಳ ನಂತರ ಗಂಗರಾಜ ಹೊತ್ತ.

ನಿಷ್ಠೆ ಮತ್ತು ಶ್ರದ್ಧೆ

ಅವನ ಒಡೆಯ ವಿಷ್ಣುವರ್ಧನ ಶ್ರೀವೈಷ್ಣವ ಧರ್ಮಕ್ಕೆ ಒಲಿದವನು. 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದವನು. ಅರಸನ ದಾರಿ ಬೇರೆಯಾಯಿತೆಂದು ಗಂಗರಾಜನ ರಾಜನಿಷ್ಠೆ ಸಡಿಲಲಿಲ್ಲ. ಅರಸನ ಮೆಚ್ಚುಗೆಗಾಗಿ ತನ್ನ ಶ್ರದ್ಧೆಯನ್ನು ಅವನು ಮರೆಮಾಡಲೂ ಇಲ್ಲ. ಅರಸನಿಗೂ ಅವನ ಮೇಲಿನ ವಿಶ್ವಾಸ ಕುಂದಲಿಲ್ಲ.

ಏಳು ನರಕಗಳ ಬಗ್ಗೆ ಗಂಗರಾಜನಿಗೆ ತನ್ನದೇ ಎಣಿಕೆಯಿತ್ತೆಂದು ಶಾಸನ ತಿಳಿಸುತ್ತದೆ. ಸುಳ್ಳಾಡುವುದು, ಯುದ್ಧದಲ್ಲಿ ಹೆದರುವುದು, ಪರಸ್ತ್ರೀಯನ್ನು ಬಯಸುವುದು, ಮೊರೆಹೊಕ್ಕವರನ್ನು ಒಪ್ಪಿಸಿಬಿಡುವುದು, ಬೇಡಿ ಬಂದವರನ್ನು ತೃಪ್ತಿಪಡಿಸದಿರುವುದು, ತನ್ನನ್ನು ನಂಬಿದವರನ್ನು ಕೈಬಿಡುವುದು, ಒಡೆಯನಿಗೆ ದ್ರೋಹ ಮಾಡುವುದು. ಇವೇ ಅವನ ಪಾಲಿಗೆ ಏಳು ನರಕಗಳು. ಇವುಗಳಲ್ಲಿ ಹೆಚ್ಚಿನವು ಅಧಿಕಾರ ಇರುವವನಿಗೇ ಎದುರಾಗುವ ಪರೀಕ್ಷೆಗಳೆಂಬುದನ್ನು ಗಮನಿಸಬೇಕು.

ದುಃಖದ ವರ್ಷಗಳು

ಕೀರ್ತಿಯ ಶಿಖರದಲ್ಲಿದ್ದಾಗಲೇ ಮನೆಯಲ್ಲಿ ಸಾಲುಸಾಲಾಗಿ ಅಗಲಿಕೆಗಳು ಎದುರಾದವು. 1120ರ ಸುಮಾರಿಗೆ ತಾಯಿ ಪೋಚಿಕಬ್ಬೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳು. 1121ರಲ್ಲಿ ಪತ್ನಿ ಲಕ್ಷ್ಮಿ ಸಮಾಧಿಮರಣ ಹೊಂದಿದಳು. 1123ರಲ್ಲಿ ಗುರು ಶುಭಚಂದ್ರರೂ ಅಗಲಿದರು. ಮೂವರಿಗೂ ಅವನು ಶ್ರವಣಬೆಳಗೊಳದಲ್ಲಿ ನಿಷಿಧಿಗಳನ್ನು ನಿಲ್ಲಿಸಿದ. ತಾಯಿಗಾಗಿ ಅವನು ಕಟ್ಟಿಸಿದ ಕತ್ತಲೆ ಬಸದಿ, ಲಕ್ಷ್ಮಿ ಕಟ್ಟಿಸಿದ ಎರಡುಕಟ್ಟೆ ಬಸದಿ ಚಂದ್ರಗಿರಿಯಲ್ಲಿ ಇಂದಿಗೂ ಇವೆ. ಆ ದುಃಖದ ನಡುವೆಯೂ ಅವನು ರಾಜ್ಯದ ಹೊಣೆಯನ್ನು ಕೆಳಗಿಳಿಸಲಿಲ್ಲ.

1133ರ ಹೊತ್ತಿಗೆ ಗಂಗರಾಜ ತೀರಿಕೊಂಡ. ಮಗ ಬೊಪ್ಪ ತಂದೆಯ ನೆನಪಿಗೆ ಹಳೇಬೀಡಿನಲ್ಲಿ ಜಿನಾಲಯ ಕಟ್ಟಿಸಿ, ತಂದೆಯ ಬಿರುದಿನಿಂದಲೇ ಅದನ್ನು ದ್ರೋಹಘರಟ್ಟ ಜಿನಾಲಯವೆಂದು ಕರೆದ. ಅದೇ ಇಂದಿನ ಪಾರ್ಶ್ವನಾಥ ಬಸದಿ. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದಾಗ ಅವನು ಭಕ್ತಿಯಿಂದ ಸ್ವೀಕರಿಸಿದ. ಆಗಷ್ಟೇ ಯುದ್ಧದಲ್ಲಿ ಜಯ ದೊರೆತು, ಮಗನೂ ಹುಟ್ಟಿದ್ದರಿಂದ, ಜಿನಬಿಂಬಕ್ಕೆ ವಿಜಯಪಾರ್ಶ್ವನೆಂದು ಹೆಸರಿಟ್ಟ. ಮುಂದೆ 1159ರಲ್ಲಿ ಭಂಡಾರ ಬಸದಿ ಕಟ್ಟಿಸಿದ ಹುಳ್ಳನ ಕಾಲದ ಶಾಸನವು ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಚಾವುಂಡರಾಯ, ಗಂಗರಾಜ, ಹುಳ್ಳ ಈ ಮೂವರನ್ನು ಅಗ್ರಗಣ್ಯರೆಂದು ಹೆಸರಿಸಿತು.

ನಮಗೆ ಉಳಿದ ಪಾಠ

ಹೊಸ ಬಸದಿಯ ಶಿಲಾನ್ಯಾಸಕ್ಕೆ, ಪಂಚಕಲ್ಯಾಣಕ್ಕೆ ಮುಂದೆ ಬರುವ ಕೈಗಳು ನಮ್ಮಲ್ಲಿ ಇಂದಿಗೂ ಬೇಕಾದಷ್ಟಿವೆ. ಊರಲ್ಲಿ ಶ್ರಾವಕರ ಮನೆ ಒಂದೆರಡೇ ಉಳಿದಿರುವ ಬಸದಿಯ ಸೋರುವ ಮಾಡಿಗೆ, ನಿತ್ಯಪೂಜೆಗೆ ಅಷ್ಟು ಸುಲಭವಾಗಿ ಯಾರೂ ಸಿಗುವುದಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ಜಾಲಹಳ್ಳಿಯಂಥ ಕಡೆ ನೆಲೆಸಿದ ಕುಟುಂಬಗಳಿಗೆ ಈ ನೋವು ಹೊಸದೇನಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹಿರಿಯರ ಊರಿನ ಬಸದಿಗೆ ಹೋಗಿ, ಅಲ್ಲಿ ಏನು ಕೆಟ್ಟಿದೆ ಎಂದು ನೋಡಿ, ಕೈಲಾದಷ್ಟನ್ನು ಸರಿಪಡಿಸಿ ಬರುವುದು ಗಂಗರಾಜನ ದಾರಿಯಲ್ಲಿ ಇಡುವ ಮೊದಲ ಹೆಜ್ಜೆ. ಅದಕ್ಕೆ ದಂಡನಾಯಕನ ಪದವಿ ಬೇಕಿಲ್ಲ. ಇನ್ನೊಬ್ಬರು ಕಟ್ಟಿಸಿದ್ದನ್ನೂ ನಮ್ಮದೇ ಎಂದು ಕಾಯುವ ಮನಸ್ಸಿದ್ದರೆ ಸಾಕು.