ಅಳೆದು ಕಲಿಸಿದ ಗುರು: ಡಡ್ಲಿ ಅಲೆನ್ ಸಾರ್ಜೆಂಟ್

ಮಾಪನ ಮತ್ತು ಮೌಲ್ಯಮಾಪನ ಘಟಕವನ್ನು ಆರಂಭಿಸುವಾಗ ನಾನು ಮೊದಲು ಹೇಳುವುದು ಒಬ್ಬ ವ್ಯಾಯಾಮ ಶಿಕ್ಷಕರ ಜೀವನವನ್ನು. ಅವರು ಅಮೆರಿಕದ ಡಡ್ಲಿ ಅಲೆನ್ ಸಾರ್ಜೆಂಟ್. ನಿಂತಲ್ಲಿಂದಲೇ ಮೇಲಕ್ಕೆ ಜಿಗಿಯುವ ‘ಸಾರ್ಜೆಂಟ್ ಜಿಗಿತ’ದಿಂದಾಗಿ ದೈಹಿಕ ಶಿಕ್ಷಣ ಶಿಕ್ಷಕರಿಗೆ ಅವರ ಹೆಸರು ಪರಿಚಿತ. ಆದರೆ ಭಾಷೆ, ಗಣಿತ, ವಿಜ್ಞಾನ ಬೋಧಿಸಲಿರುವ ಪ್ರಶಿಕ್ಷಣಾರ್ಥಿಗಳಿಗೂ ಅವರು ಪರಿಚಯವಾಗಬೇಕು ಎಂದು ನನಗೆ ಅನ್ನಿಸುತ್ತದೆ. ವಿದ್ಯಾರ್ಥಿಯನ್ನು ಅಳೆದ ಮೇಲೆ ಶಿಕ್ಷಕರು ಏನು ಮಾಡಬೇಕು ಎಂಬುದಕ್ಕೆ ಅವರ ವೃತ್ತಿಜೀವನವೇ ಒಂದು ಉತ್ತರ.

ಸಾರ್ಜೆಂಟ್ ಹುಟ್ಟಿದ್ದು 1849ರಲ್ಲಿ, ಮೇನ್ ರಾಜ್ಯದ ಬೆಲ್‌ಫಾಸ್ಟ್ ಎಂಬ ಊರಿನಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಹುಡುಗರಾಗಿದ್ದಾಗ ಕಸರತ್ತಿನ ಹುಚ್ಚು ಹಿಡಿದು ಕೆಲಕಾಲ ಸರ್ಕಸ್ಸಿನಲ್ಲೂ ದುಡಿದರು. 1869ರಲ್ಲಿ ಬೌಡನ್ ಕಾಲೇಜಿನ ವ್ಯಾಯಾಮಶಾಲೆಯ ಹೊಣೆ ಅವರಿಗೆ ಸಿಕ್ಕಿತು. ಆಗಿನ್ನೂ ಅವರ ಬಳಿ ಪದವಿ ಇರಲಿಲ್ಲ. ವ್ಯಾಯಾಮ ಕಲಿಸುತ್ತಲೇ ಅದೇ ಕಾಲೇಜಿನಲ್ಲಿ ಓದಿ 1875ರಲ್ಲಿ ಪದವಿ ಪಡೆದರು. ಮುಂದೆ ಯೇಲ್‌ನಲ್ಲಿ ವೈದ್ಯಕೀಯ ಓದಿ 1878ರಲ್ಲಿ ವೈದ್ಯರಾದರು. ಮರುವರ್ಷವೇ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಹೆಮೆನ್‌ವೇ ವ್ಯಾಯಾಮಶಾಲೆಯ ನಿರ್ದೇಶಕರಾಗಿ, ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರು.

ಆ ಕಾಲದ ವ್ಯಾಯಾಮಶಾಲೆಗಳಲ್ಲಿದ್ದ ಭಾರದ ಸಲಕರಣೆಗಳು ಬಲಿಷ್ಠರಿಗೆ ಒಗ್ಗುವಂಥವು. ಹಾರ್ವರ್ಡ್‌ಗೆ ಬರುವ ಮೊದಲೇ ಸಾರ್ಜೆಂಟ್ ಇದನ್ನು ಗಮನಿಸಿದ್ದರು. ತನ್ನ ಮೈಭಾರವನ್ನೇ ಎತ್ತಲಾರದ ಹುಡುಗ ಕಂಬಿಗೆ ಜೋತುಬಿದ್ದು ಕಲಿಯುವುದಾದರೂ ಏನನ್ನು? ಅದಕ್ಕಾಗಿ ಅವರು ರಾಟೆ, ಹಗ್ಗ, ತೂಕದ ಬಿಲ್ಲೆಗಳನ್ನು ಜೋಡಿಸಿ ಉಪಕರಣಗಳನ್ನು ಮಾಡಿದರು. ತೂಕವನ್ನು ಬೇಕಾದಷ್ಟು ಕಡಿಮೆ ಮಾಡಿ, ಶಕ್ತಿ ಬಂದಂತೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬಹುದಿತ್ತು. ಇಂದಿನ ಜಿಮ್‌ಗಳ ರಾಟೆ ಯಂತ್ರಗಳಲ್ಲಿರುವುದು ಇದೇ ತತ್ವ. ಸರಳದಿಂದ ಕಠಿಣಕ್ಕೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವ ಸೂತ್ರ ಅಲ್ಲಿ ಕಬ್ಬಿಣ ಮತ್ತು ಹಗ್ಗದ ರೂಪದಲ್ಲಿತ್ತು.

ಎಷ್ಟು ತೂಕದಿಂದ ಆರಂಭಿಸಬೇಕು ಎಂದು ತಿಳಿಯಲು ಅಳತೆ ಬೇಕಾಯಿತು. ಹಾರ್ವರ್ಡ್‌ನಲ್ಲಿ ಅವರು ವಿದ್ಯಾರ್ಥಿಗಳ ಹೃದಯ, ಶ್ವಾಸಕೋಶ ಪರೀಕ್ಷಿಸಿ, ಎತ್ತರ, ತೂಕ, ಎದೆ, ತೋಳು, ತೊಡೆಗಳ ಸುತ್ತಳತೆ ಬರೆದುಕೊಳ್ಳುತ್ತಿದ್ದರು. ಹಿಡಿತ, ಬೆನ್ನು, ಕಾಲುಗಳ ಬಲವನ್ನು ಡೈನಮೋಮೀಟರ್‌ನಿಂದ ಅಳೆಯುತ್ತಿದ್ದರು. ಆಮೇಲೆ ಪ್ರತಿಯೊಬ್ಬರಿಗೂ ಅವರವರ ಕೊರತೆಗೆ ತಕ್ಕ ವ್ಯಾಯಾಮವನ್ನು ಸೂಚಿಸಿ, ಕೆಲಕಾಲ ಬಿಟ್ಟು ಮತ್ತೆ ಅಳೆಯುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ, ಮರುಪರೀಕ್ಷೆ. ಈ ಮೂರರಲ್ಲಿ ನಡುವಿನದನ್ನು ಕೈಬಿಟ್ಟರೆ ಉಳಿದೆರಡು ಬರೀ ಅಂಕಿಗಳಾಗಿ ಉಳಿಯುತ್ತವೆ.

ಸಾರ್ಜೆಂಟರ ಕೆಲಸದ ಇನ್ನೊಂದು ಮುಖವನ್ನೂ ನಾನು ತರಗತಿಯಲ್ಲಿ ಮರೆಮಾಚುವುದಿಲ್ಲ. ಸಾವಿರಾರು ವಿದ್ಯಾರ್ಥಿಗಳ ಅಳತೆಗಳಿಂದ ಅವರು ಸರಾಸರಿಗಳನ್ನು ಕಂಡುಹಿಡಿದರು. ಅವುಗಳ ಆಧಾರದ ಮೇಲೆ ಮಾದರಿ ಯುವಕ, ಯುವತಿಯರ ಪ್ರತಿಮೆಗಳು ಸಿದ್ಧವಾಗಿ 1893ರ ಶಿಕಾಗೋ ವಿಶ್ವಮೇಳದಲ್ಲಿ ಪ್ರದರ್ಶನಗೊಂಡವು. ಆದರೆ ಅಳತೆ ಕೊಟ್ಟವರು ಕಾಲೇಜು ಮೆಟ್ಟಿಲು ಹತ್ತಲು ಅನುಕೂಲವಿದ್ದವರು. ಅವರ ಸರಾಸರಿ ಎಲ್ಲರ ಸರಾಸರಿಯಾಗದು, ಸರಾಸರಿಯೇ ಆದರ್ಶವೂ ಆಗದು. ಹಳ್ಳಿ ಶಾಲೆಯ ಮಗುವನ್ನು ಬೇರೆಲ್ಲೋ ತಯಾರಾದ ಮಾನಕದಿಂದ ಅಳೆಯುವಾಗ ನಾವು ಇದನ್ನು ನೆನಪಿಡಬೇಕು. ಬಲಪರೀಕ್ಷೆಯ ವಿಷಯದಲ್ಲಂತೂ ಮುಂದಿನ ತಲೆಮಾರು ತಿದ್ದುಪಡಿ ಮಾಡಿತು. ಫ್ರೆಡರಿಕ್ ರ‍್ಯಾಂಡ್ ರೋಜರ್ಸ್ 1925ರಲ್ಲಿ ಸಾರ್ಜೆಂಟರ ಪರೀಕ್ಷೆಯನ್ನು ಪರಿಷ್ಕರಿಸಿ, ವಯಸ್ಸು ಮತ್ತು ತೂಕಕ್ಕೆ ತಕ್ಕ ಮಾನಕಗಳೊಡನೆ ಹೋಲಿಸುವ ಕ್ರಮವನ್ನು ತಂದರು.

ಅವರ ವೃತ್ತಿಜೀವನ ಸುಗಮವಾಗೇನೂ ಇರಲಿಲ್ಲ. 1889ರ ನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆ ಅವರಿಗೆ ಮುಂದುವರಿಯಲಿಲ್ಲ. ಅಧ್ಯಾಪಕ ವರ್ಗದಲ್ಲಿ ಸ್ಥಾನ ಹೋದರೂ ವ್ಯಾಯಾಮಶಾಲೆಯನ್ನು ಬಿಡದೆ 1919ರವರೆಗೆ ನಿರ್ದೇಶಕರಾಗಿ ದುಡಿದರು. ದೈಹಿಕ ಶಿಕ್ಷಣದ ಅವಧಿಯನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡಬೇಕಾಗಿ ಬರುವ ನಮ್ಮ ಶಿಕ್ಷಕರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ.

ನನಗೆ ಅವರಲ್ಲಿ ತೀರಾ ಹತ್ತಿರವೆನಿಸುವುದು ಶಿಕ್ಷಕರನ್ನು ತಯಾರು ಮಾಡಿದ ಕೆಲಸ. 1881ರಲ್ಲಿ ಕೇಂಬ್ರಿಜ್‌ನಲ್ಲಿ ಮಹಿಳೆಯರಿಗಾಗಿ ಅವರು ತೆರೆದ ವ್ಯಾಯಾಮಶಾಲೆಯೇ ಶಿಕ್ಷಕಿಯರ ತರಬೇತಿ ಶಾಲೆಯಾಗಿ ಬೆಳೆಯಿತು. 1929ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಭಾಗವಾಯಿತು. 1887ರಿಂದ ಹಾರ್ವರ್ಡ್‌ನಲ್ಲಿ ಅವರು ನಡೆಸಿದ ಬೇಸಿಗೆ ತರಬೇತಿಗೆ ಸೇವೆಯಲ್ಲಿದ್ದ ಶಿಕ್ಷಕರೂ ಬರುತ್ತಿದ್ದರು. ಜಿಗಿತ ಪರೀಕ್ಷೆಯನ್ನು ಅವರು ಪ್ರಕಟಿಸಿದ್ದು 1921ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಜಿಗಿದ ಎತ್ತರವೊಂದನ್ನೇ ನೋಡದೆ, ಜಿಗಿದವರ ತೂಕ ಮತ್ತು ಎತ್ತರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 1924ರಲ್ಲಿ ತೀರಿಕೊಂಡರು.

ಬೋಧನಾಭ್ಯಾಸಕ್ಕೆ ಹೋಗುವವರು ಈ ಪರೀಕ್ಷೆಯನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಬೇಕಾದದ್ದು ಗೋಡೆ, ಸೀಮೆಸುಣ್ಣ, ಅಳತೆಪಟ್ಟಿ. ಮಗು ಗೋಡೆಯ ಪಕ್ಕಕ್ಕೆ ನಿಂತು ಕೈಚಾಚಿದಾಗ ಒಂದು ಗುರುತು, ಜಿಗಿದಾಗ ಇನ್ನೊಂದು. ಎರಡರ ನಡುವಿನ ಅಂತರವೇ ಅಂಕ. ಮೊದಲ ವಾರ 18 ಸೆಂ.ಮೀ. ಜಿಗಿದ ಹುಡುಗಿ ಅಭ್ಯಾಸದ ನಂತರ 21 ಸೆಂ.ಮೀ. ಮುಟ್ಟಿದಳೆಂದುಕೊಳ್ಳಿ. ತರಗತಿಯ ಪಟ್ಟಿಯಲ್ಲಿ ಅವಳು ಈಗಲೂ ಕೊನೆಯಲ್ಲೇ ಇರಬಹುದು. ಆ ಮೂರು ಸೆಂಟಿಮೀಟರನ್ನು ಕಂಡು ಅವಳಿಗೆ ತಿಳಿಸುವುದು, ಮುಂದಿನ ಅಭ್ಯಾಸವನ್ನು ಅಲ್ಲಿಂದಲೇ ಹೊಂದಿಸಿಕೊಡುವುದು ಶಿಕ್ಷಕರ ಕೆಲಸ. ಸಾರ್ಜೆಂಟ್ ರಾಟೆಯ ತೂಕ ಹೊಂದಿಸಿದ್ದು ಇದಕ್ಕಾಗಿಯೇ.