ವಾಸನೆಯಿಲ್ಲದ ಗ್ಯಾಸ್, ಕಾಣದ ಸೋರಿಕೆ: ಥಾಮಸ್ ಮಿಡ್ಜ್ಲಿಯ ಬದುಕು ನಮಗೇಕೆ ಬೇಕು?

ಕಾರಿನ ಏಸಿ ಗ್ಯಾಸ್ ಪೆಟ್ರೋಲ್ ಹಾಗೆ ಉರಿದು ಖಾಲಿಯಾಗಲ್ಲ. ಮುಚ್ಚಿದ ಪೈಪುಗಳೊಳಗೆ ದ್ರವವಾಗುತ್ತಾ, ಆವಿಯಾಗುತ್ತಾ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಆದರೂ ಬೇಸಿಗೆ ಬಂತೆಂದರೆ ಗ್ಯಾಸ್ ಹಾಕಿಸೋದು ಎಷ್ಟೋ ಜನಕ್ಕೆ ಆಯಿಲ್ ಬದಲಿಸಿದಷ್ಟೇ ಸಹಜ. ಹೋದ ಗ್ಯಾಸ್ ಎಲ್ಲಿಗೆ ಹೋಯ್ತು ಅಂತ ಕೇಳುವವರು ಕಮ್ಮಿ. ಹೀಗೆ ಕೇಳದಿರುವುದು ಸಾಧ್ಯವಾಗಿದ್ದು ಥಾಮಸ್ ಮಿಡ್ಜ್ಲಿ ಎಂಬ ಅಮೆರಿಕದ ಇಂಜಿನಿಯರ್‌ನಿಂದ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವಾಗ ಆರ್-12 ಎಂಬ ರೆಫ್ರಿಜರೆಂಟ್‌ನ ಕೋಷ್ಟಕ ಇಟ್ಟುಕೊಂಡು ನಾನು ಎಷ್ಟೋ ಲೆಕ್ಕ ಮಾಡಿದ್ದೇನೆ. ಅದನ್ನು ತಂದವನ ಹೆಸರು ಆ ಪುಟಗಳಲ್ಲಿ ಇರಲಿಲ್ಲ. ಅವನ ಕತೆ ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ.

ಮಿಡ್ಜ್ಲಿ ಹುಟ್ಟಿದ್ದು 1889ರಲ್ಲಿ, ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್‌ನಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಹೊರಬಂದ. ಕೆಮಿಸ್ಟ್ರಿ ಅವನು ಕೆಲಸ ಮಾಡುತ್ತಲೇ ಕಲಿತ ವಿದ್ಯೆ. ಜನರಲ್ ಮೋಟರ್ಸ್‌ನ ಸಂಶೋಧನೆಯನ್ನು ನಡೆಸುತ್ತಿದ್ದ ಚಾರ್ಲ್ಸ್ ಕೆಟರಿಂಗ್ ಅವನ ಗುರು, ಬಾಸ್ ಎರಡೂ.

ಆಗಿನ ಕಾರುಗಳ ದೊಡ್ಡ ತಲೆನೋವು ಇಂಜಿನ್ ನಾಕಿಂಗ್. ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿದು ಇಂಜಿನ್ ಟಕಟಕ ಬಡಿದುಕೊಳ್ಳುತ್ತಿತ್ತು. ಡಿಸೆಂಬರ್ 1921ರಲ್ಲಿ ಮಿಡ್ಜ್ಲಿ ತಂಡ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಒಂದಿಷ್ಟೇ ಬೆರೆಸಿದಾಗ ಸದ್ದು ನಿಂತಿತು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಮ್ಮಿಯಾಗುತ್ತದೆ ಅಂತ ಅವನಿಗೆ ಗೊತ್ತಿತ್ತು; ಇವತ್ತು ನಮ್ಮ ಬಂಕ್‌ಗಳಲ್ಲಿ ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆಯಲ್ಲ, ಅದೇ ದಾರಿ. ಕಂಪನಿ ಹಿಡಿದದ್ದು ಸೀಸದ ದಾರಿ. ಮಾರಾಟದ ಹೆಸರು ‘ಈಥೈಲ್’, ಅದರಲ್ಲಿ ಸೀಸದ ಸುಳಿವೇ ಇಲ್ಲ.

ಸೀಸ ವಿಷ ಅನ್ನೋದು ಆಗ ಹೊಸ ವಿಷಯವೇನಲ್ಲ. 1923ರಲ್ಲಿ ಮಿಡ್ಜ್ಲಿಯೇ ಸೀಸದ ವಿಷ ತಾಗಿ ಫ್ಲೋರಿಡಾಕ್ಕೆ ಹೋಗಿ ಸುಧಾರಿಸಿಕೊಂಡಿದ್ದ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಅದನ್ನು ತಯಾರಿಸುತ್ತಿದ್ದ 5 ಕಾರ್ಮಿಕರು ಮತಿಭ್ರಮೆಯಾಗಿ ಸತ್ತರು. ಅದೇ ತಿಂಗಳ ಕೊನೆಗೆ ಮಿಡ್ಜ್ಲಿ ಪತ್ರಕರ್ತರ ಮುಂದೆ ಆ ದ್ರವದಿಂದ ಕೈ ತೊಳೆದು, ಒಂದು ನಿಮಿಷ ಅದರ ಆವಿ ಎಳೆದು ತೋರಿಸಿದ. ತನಗೇ ಕಾಯಿಲೆ ತಂದ ವಸ್ತು ಸುರಕ್ಷಿತ ಅಂತ ಸಾಬೀತು ಮಾಡೋ ನಾಟಕ ಅದು.

1928ರಲ್ಲಿ ಕೆಟರಿಂಗ್ ಇನ್ನೊಂದು ಕೆಲಸ ಕೊಟ್ಟ. ಫ್ರಿಡ್ಜ್‌ಗಳಲ್ಲಿ ಆಗ ಸಲ್ಫರ್ ಡೈಆಕ್ಸೈಡ್, ಅಮೋನಿಯಾ, ಮಿಥೈಲ್ ಕ್ಲೋರೈಡ್ ಬಳಸುತ್ತಿದ್ದರು. ಸೋರಿದರೆ ಜನ ಸಾಯುತ್ತಿದ್ದರು. ವಿಷವಲ್ಲದ, ಬೆಂಕಿ ಹತ್ತದ ಗ್ಯಾಸ್ ಬೇಕಿತ್ತು. ಮಿಡ್ಜ್ಲಿ, ಆಲ್ಬರ್ಟ್ ಹೆನ್, ರಾಬರ್ಟ್ ಮೆಕ್‌ನರಿ ಸೇರಿ ಆರ್-12 ತಂದರು, ಅದೇ ಫ್ರಿಯಾನ್. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್ಲಿ ಆ ಗ್ಯಾಸನ್ನು ಎದೆತುಂಬ ಎಳೆದುಕೊಂಡು, ಮೆಲ್ಲಗೆ ಬಿಟ್ಟು ಮೇಣದಬತ್ತಿ ಆರಿಸಿದ. ಈ ಸಲ ಅವನು ತೋರಿಸಿದ್ದು ಸುಳ್ಳಲ್ಲ. ಆ ಕೋಣೆಯ ಮಟ್ಟಿಗೆ ಫ್ರಿಯಾನ್ ಸುರಕ್ಷಿತವೇ.

ತೊಂದರೆ ಇದ್ದದ್ದು ಇಲ್ಲೇ. ಸಲ್ಫರ್ ಡೈಆಕ್ಸೈಡ್, ಅಮೋನಿಯಾ ಸೋರಿದರೆ ಮೂಗಿಗೆ ಹೊಡೆಯುತ್ತಿತ್ತು, ತಕ್ಷಣ ರಿಪೇರಿ ಮಾಡಲೇಬೇಕಿತ್ತು. ಫ್ರಿಯಾನ್ ಸೋರಿದರೆ ಗೊತ್ತೇ ಆಗಲ್ಲ. ಮೇಲಾಗಿ 1940ರ ಮಾದರಿಯ ಪ್ಯಾಕಾರ್ಡ್‌ನಿಂದ ಶುರುವಾಗಿ ಏಸಿ ಕಾರಿಗೆ ಬಂತು. ಮನೆಯ ಫ್ರಿಡ್ಜ್‌ನ ಕಂಪ್ರೆಸರ್ ಮೋಟರ್ ಸಮೇತ ಸೀಲ್ ಆದ ಡಬ್ಬಿ. ಕಾರಿನದ್ದು ಇಂಜಿನ್ ಬೆಲ್ಟ್‌ನಿಂದ ತಿರುಗುತ್ತದೆ, ಶಾಫ್ಟ್ ಹೊರಗೆ ಬರುವಲ್ಲಿ ರಬ್ಬರ್ ಸೀಲ್ ಬೇಕೇ ಬೇಕು. ಜತೆಗೆ ಹೋಸ್ ಪೈಪುಗಳು, ಓ-ರಿಂಗ್‌ಗಳು, ಮುಂದುಗಡೆ ಕಲ್ಲೇಟು ತಿನ್ನುವ ಕಂಡೆನ್ಸರ್. ಸೋರಲು ದಾರಿ ನೂರು.

ಮಿಡ್ಜ್ಲಿ ಇದ್ಯಾವುದರ ಫಲವನ್ನೂ ನೋಡಲಿಲ್ಲ. 1940ರಲ್ಲಿ ಪೋಲಿಯೊ ತಗುಲಿತು. ಹಾಸಿಗೆಯಿಂದ ಏಳಲು ತಾನೇ ಹಗ್ಗ, ರಾಟೆಗಳ ವ್ಯವಸ್ಥೆ ಮಾಡಿಕೊಂಡ. 1944ರ ನವೆಂಬರ್ 2ರಂದು ಆ ಹಗ್ಗವೇ ಕೊರಳಿಗೆ ಬಿಗಿದ ಸ್ಥಿತಿಯಲ್ಲಿ ಅವನ ಶವ ಸಿಕ್ಕಿತು. ಆ ವರ್ಷ ಅವನು ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷ.

ಸೋರಿದ ಫ್ರಿಯಾನ್‌ನ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದು 1974ರಲ್ಲಿ. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ. ಸೀಸದ ಪೆಟ್ರೋಲ್ ಭಾರತದಲ್ಲಿ 2000ದಲ್ಲಿ ನಿಂತಿತು. ಕೊನೆಯ ದೇಶ ಅಲ್ಜೀರಿಯಾದಲ್ಲಿ 2021ರಲ್ಲಿ.

ಮಿಡ್ಜ್ಲಿಯನ್ನು ಖಳನಾಯಕ ಮಾಡಿ ಮುಗಿಸೋದು ಸುಲಭ. ನನ್ನ ಪ್ರಕಾರ ಅವನ ಎರಡು ಖಾತೆ ಬೇರೆ ಬೇರೆ. ಓಝೋನ್ ವಿಷಯ 1930ರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ ಅವನನ್ನು ದೂರುವುದು ಅನ್ಯಾಯ. ಸೀಸದ ವಿಷಯ ಗೊತ್ತಿತ್ತು, ಅದಕ್ಕೆ ಕ್ಷಮೆ ಇಲ್ಲ.

ಹಾಗಾದರೆ ನಾವು ಯಾವ ಖಾತೆಗೆ ಸೇರುತ್ತೇವೆ? ಇವತ್ತು ನಮ್ಮ ಬಹುತೇಕ ಕಾರುಗಳಲ್ಲಿರುವ ಆರ್-134ಎ ಓಝೋನ್‌ಗೆ ಹಾನಿ ಮಾಡಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ತೂಕಕ್ಕೆ ತೂಕ ನೋಡಿದರೆ, ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಜೋರು. ಇದು ಗೊತ್ತಿದ್ದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಆಯಿತು, 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಅಂದರೆ ಗೊತ್ತಿದ್ದೂ ಗಾಳಿಗೆ ಬಿಡುವುದು.

ಹುಡುಕೋದು ರಾಕೆಟ್ ವಿಜ್ಞಾನವಲ್ಲ. ಜಾಯಿಂಟ್‌ಗಳಲ್ಲಿ ಎಣ್ಣೆ ಕಲೆ ಇದೆಯಾ ನೋಡಬೇಕು. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತೀರಾ ಸಣ್ಣ ಸೋರಿಕೆಗೆ ಯುವಿ ಡೈ ಅಥವಾ ಎಲೆಕ್ಟ್ರಾನಿಕ್ ಡಿಟೆಕ್ಟರ್ ಇದೆ. ಓ-ರಿಂಗ್ ಬದಲಿಸಿ, ವ್ಯಾಕ್ಯೂಮ್ ಎಳೆದು, ಮುಳ್ಳು ನಿಂತಲ್ಲೇ ನಿಂತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಗ್ಯಾಸ್.

ಇದಕ್ಕೆಲ್ಲ ಸಮಯ, ಉಪಕರಣ, ತರಬೇತಿ ಬೇಕು. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬನ ಮೇಲೆ ಹೊರೆ ಹೊರಿಸಿದರೆ ಆಗಲ್ಲ. ಹಳೇ ಗ್ಯಾಸ್ ವಾಪಸ್ ಹಿಡಿಯುವ ಯಂತ್ರ, ತರಬೇತಿ, ಅದಕ್ಕೆ ಬೇಕಾದ ಹಣ ಊರೂರಿಗೆ ಮುಟ್ಟುವಂತೆ ಸರ್ಕಾರವನ್ನು, ಕಾರು ಕಂಪನಿಗಳನ್ನು ಕೇಳಬೇಕು. ಅದರ ಜತೆಗೆ, ಮುಂದಿನ ಸಲ ಗ್ಯಾಸ್ ತುಂಬಿಸುವ ಮುಂಚೆ ಎಲ್ಲಿ ಸೋರ್ತಿದೆ ಅಂತ ಒಂದು ಮಾತು ಕೇಳಿ. ಮಿಡ್ಜ್ಲಿಗೆ ಇದ್ದ ಒಂದು ನೆಪ, ಗೊತ್ತಿರಲಿಲ್ಲ ಅನ್ನೋದು, ನಮಗಿಲ್ಲ.